ಬೀಗ ಬಿದ್ದ ಕೊಳವೆ

"ಅಂಗಿ ಬಿಚ್ಚೇ, ರಂಡೆ. ಒಳಗೆ ಎಷ್ಟು ತುರುಕ್ಕೊಂಡಿದ್ದೀಯೋ ಎಲ್ಲರೂ ನೋಡ್ಲಿ."

ಊರಿಗೆಲ್ಲ ಕೊಳವೆಗಳಲ್ಲಿ ಬಿಸಿನೀರು ಹರಿಸಿ ಕಾವು ಕೊಡುವ ಬಾಯ್ಲರ್ ಮನೆಯ ಅಂಗಳದಲ್ಲಿ ನಿಂತು, ಅಲ್ಲೇ ಕಲ್ಲಿದ್ದಲು ಎತ್ತುವ ಸೆವ್ಜಿದ್ ತನ್ನ ದಪ್ಪ ನಿಲುವಂಗಿಯ ಗುಂಡಿ ಬಿಚ್ಚಿದಳು. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ ಎದೆಗೆ ಹೊಡೆಯಿತು. ಮಡಿಲಿನಿಂದ ಉದುರಿದ್ದು ಅರೆಬೆಂದ ಕಲ್ಲಿದ್ದಲಿನ ನಾಲ್ಕಾರು ಚೂರು, ಬೂದಿಗುಡ್ಡೆಯಲ್ಲಿ ಕೆದಕಿ ಆಯ್ದದ್ದು. ಬಿಚ್ಚೆಂದಿದ್ದ ಕಚೇರಿಯ ಮೇಲ್ವಿಚಾರಕ ಗೊಂಚಿಗ್ ಅವನ್ನು ಬೂಟಿನಿಂದ ಒದ್ದು, ವಾಪಸ್ಸು ಬೆಂಕಿಗೆ ಹಾಕಿಸಿದ.

ಈ ಚಳಿಗಾಲ ಕಲ್ಲಿದ್ದಲಿನ ಖರ್ಚು ಇಳಿಸಬೇಕೆಂದು ಮೇಲಿನಿಂದ ಆಜ್ಞೆ ಬಂದಿತ್ತು. ಕಚೇರಿಯ ಕಿಟಕಿಗಳ ಸಂದಿಗೆ ಹತ್ತಿ ತುಂಬಿಸಬಹುದಿತ್ತು, ಅತಿಥಿಗಳೇ ಇಲ್ಲದ ಅತಿಥಿಗೃಹವನ್ನು ಮುಚ್ಚಬಹುದಿತ್ತು. ಗೊಂಚಿಗ್ ಸುಲಭದ ದಾರಿ ಹಿಡಿದ. ಬಾಯ್ಲರ್ ಕೆಲಸಗಾರರ ಸಾಲುಮನೆಗಳಿಗೆ ಬಿಸಿನೀರು ಒಯ್ಯುವ ಕೊಳವೆಯನ್ನು ತಿರುವಿ ಮುಚ್ಚಿ, ಬೀಗ ಜಡಿದ. ಬೆಂಕಿ ಮುಂದೆ ದುಡಿಯುವವರಿಗೆ ಮನೆಯಲ್ಲೂ ಬೆಂಕಿ ಯಾಕೆ ಎಂದು ನಕ್ಕಿದ್ದ.

ಸೆವ್ಜಿದ್ ಮನೆಯ ಗೋಡೆಗೆ ಹಳೆಯ ಪೇಪರು ಅಂಟಿಸಿದಳು, ಬಾಗಿಲಿಗೆ ಕಂಬಳಿ ಇಳಿಬಿಟ್ಟಳು, ಹೊರಗೋಡೆಗೆ ಆನಿಸಿ ಹಿಮವನ್ನು ಸೊಂಟದೆತ್ತರಕ್ಕೆ ಪೇರಿಸಿದಳು. ಗಾಳಿ ನಿಂತಿತು, ಚಳಿ ನಿಲ್ಲಲಿಲ್ಲ. ಒಳಗೆ ಅತ್ತೆ ದುಲ್ಮಾ ಕೆಮ್ಮುತ್ತ ಮಲಗಿದ್ದಳು. ಅವಳೂ ಅದೇ ಬಾಯ್ಲರಿಗೆ ಕಲ್ಲಿದ್ದಲು ಎತ್ತಿ ಶ್ವಾಸಕೋಶ ಕರಗಿಸಿಕೊಂಡವಳು. ಗಂಡ ಸತ್ತ ಮೇಲೂ ಸೆವ್ಜಿದ್ ಆ ಮುದುಕಿಯನ್ನು ಬಿಟ್ಟುಹೋಗಿರಲಿಲ್ಲ.

ಅಂಗಿ ಬಿಚ್ಚಿಸಿದ ಮಾರನೆಯ ದಿನ ಉಳಿತಾಯ ನೋಡಲು ಜಿಲ್ಲಾಕೇಂದ್ರದಿಂದ ಅಧಿಕಾರಿಗಳು ಬಂದರು. ಮಧ್ಯಾಹ್ನ ಸೆವ್ಜಿದ್ ಮನೆಗೆ ಓಡಿಬಂದು ನೋಡಿದರೆ, ಬೆಳಿಗ್ಗೆ ಕೊಟ್ಟಿದ್ದ ಉಪ್ಪುಚಹಾ ಬಟ್ಟಲಲ್ಲೇ ಹೆಪ್ಪುಗಟ್ಟಿತ್ತು. ಅತ್ತೆಯ ಕಾಲ್ಬೆರಳುಗಳು ಬೂದಿಬಣ್ಣಕ್ಕೆ ತಿರುಗಿದ್ದವು.

"ಇಪ್ಪತ್ತು ವರ್ಷ ಅವರ ಕುಂಡಿ ಕಾಯಿಸಿದೆ ಕಣೇ ಮಗಾ," ಎಂದಳು ದುಲ್ಮಾ. "ಒಂದ್ಸಲನಾದ್ರೂ ಆ ಕಚೇರೀಲಿ ಹೋಗಿ ಕೂತ್ಕೋಬೇಕು."

ಸೆವ್ಜಿದ್ ಬಾಯ್ಲರ್ ಮನೆಗೆ ಹೋಗಿ, ಜೊತೆಗಾರ ಶಾರವ್‌ಗೆ ವಿಷಯ ಹೇಳಿದಳು. ಅವನು ಸಲಿಕೆಯನ್ನು ಕಲ್ಲಿದ್ದಲ ಗುಡ್ಡೆಯಲ್ಲಿ ನೆಟ್ಟು ಹೊರಟ. ಬೂದಿ ಎಳೆಯುವ ಜಾರುಬಂಡಿಯ ಮೇಲೆ ಮುದುಕಿಯನ್ನು ಮಲಗಿಸಿ ಇಬ್ಬರೂ ಹಿಮದ ಮೇಲೆ ಕಚೇರಿಯವರೆಗೆ ಎಳೆದರು.

ಕಚೇರಿಯಲ್ಲಿ ಸೆಕೆ. ಅಧಿಕಾರಿಗಳು ಕೋಟು ಕಳಚಿ, ಕಿಟಕಿ ತೆರೆದಿಟ್ಟು ಕೂತಿದ್ದರು. ಗೊಂಚಿಗ್ ಗೋಡೆಯ ಮೇಲಿನ ನಕ್ಷೆಗೆ ಕೋಲು ಇಟ್ಟು ಉಳಿತಾಯ ವಿವರಿಸುತ್ತಿದ್ದ. ಅವರ ನಡುವೆಯೇ ಹಾದುಹೋಗಿ ಸೆವ್ಜಿದ್ ಅತ್ತೆಯನ್ನು ಬಿಸಿ ಕೊಳವೆಯ ಪಕ್ಕ ಮಲಗಿಸಿ, ಆ ಪಾದಗಳನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

"ಎತ್ಕೊಂಡ್ ಹೋಗ್ರೋ ಈ ಹೆಣಾನ," ಎಂದ ಗೊಂಚಿಗ್.

"ಇನ್ನೂ ಹೆಣ ಆಗಿಲ್ಲ ಯಜಮಾನ್ರೇ. ಬೀಗ ತೆಗೀರಿ, ಹೋಗ್ತೀವಿ," ಎಂದಳು ಸೆವ್ಜಿದ್.

ಹಿರಿಯ ಅಧಿಕಾರಿ ಬೆಂಕಿಯ ಹತ್ತಿರ ಯಾರಿದ್ದಾರೆ ಎಂದು ಕೇಳಿದ. ಈ ಪಾಳಿಯ ಇಬ್ಬರೂ ಇಲ್ಲೇ ಇದ್ದೇವೆ, ಅಲ್ಲಿ ಯಾರೂ ಇಲ್ಲ ಎಂದ ಶಾರವ್. ಬೆಂಕಿ ಆರಿದರೆ ಊರಿನ ಕೊಳವೆಗಳೆಲ್ಲ ಹೆಪ್ಪುಗಟ್ಟಿ ಒಡೆಯುತ್ತವೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಗೊಂಚಿಗ್ ಮೊದಲು ಬೈದ, ಆಮೇಲೆ ನಾಳೆ ತೆಗೆಯುತ್ತೇನೆಂದ. ಸೆವ್ಜಿದ್ ಬಾಯ್ಲರ್ ಮನೆಯ ಕಡೆ ಕೈ ತೋರಿಸಿದಳು.

"ಸಲಿಕೆ ಅಲ್ಲೇ ಐತೆ. ನಿಮ್ಗೂ ಎರಡು ಕೈ ಅವೆ."

ಕಚೇರಿ ತಣ್ಣಗಾಗುತ್ತ ಬಂದಂತೆ ಒಬ್ಬೊಬ್ಬರಾಗಿ ಅಧಿಕಾರಿಗಳು ಕೋಟು ತೊಟ್ಟುಕೊಂಡರು. ಯಾರೂ ಸಲಿಕೆಯ ಕಡೆ ಹೋಗಲಿಲ್ಲ. ಸಂಜೆಯ ಹೊತ್ತಿಗೆ ಸೆವ್ಜಿದ್ ಒಂದು ಕೈಯಿಂದ ಕೊಳವೆಯನ್ನೂ ಇನ್ನೊಂದರಿಂದ ಅತ್ತೆಯ ಪಾದವನ್ನೂ ಮುಟ್ಟಿ ನೋಡಿದಳು. ಅತ್ತೆಯ ಕೆಮ್ಮು ನಿಂತಿತ್ತು. ಯಾವುದು ಮೊದಲು ತಣ್ಣಗಾಯಿತೋ ತಿಳಿಯಲಿಲ್ಲ. ಅವಳು ಮೇಲೇಳಲಿಲ್ಲ.