ಬಾಗಿಲಾಚೆ ಇಟ್ಟ ಪೆಟ್ಟಿಗೆ

"ಪೆಟ್ಟಿಗೆ ಬಾಗಿಲಾಚೆ ಇಡೋಕೆ ಮುಂಚೆ ಒಂದು ಸಲ ನಿಂತು ಯೋಚನೆ ಮಾಡಿ," ಎಂದರು ಹಡಗಪ್ಪನವರು, ಕೈಯಲ್ಲಿದ್ದ ಚಮಚವನ್ನು ಗಾಳಿಯಲ್ಲಿ ಆಡಿಸುತ್ತ. "ನಾಳೆ ಬೆಳಿಗ್ಗೆ ಮೈಮೇಲೆ ಏನು ಹಾಕ್ಕೋತೀರಿ? ಅದನ್ನ ಮೊದಲು ಕುರ್ಚಿ ಮೇಲೆ ತೆಗೆದಿಟ್ಕೊಳ್ಳಿ. ರಾತ್ರಿ ಹಡಗಿನವರು ಬಂದು ಪೆಟ್ಟಿಗೆ ಒಯ್ದುಬಿಡ್ತಾರೆ, ಇವತ್ತು ಕೈ ಬಿಟ್ರೆ ಬಿಟ್ಟ ಹಾಗೆ. ಆಮೇಲೆ ಅದರ ಮುಖ ನೋಡೋದು ದಡದ ಮೇಲೇನೇ."

ಊಟದ ಮೇಜಿನ ಸುತ್ತ ಕೂತವರು ನಕ್ಕರು. ಹಡಗಪ್ಪನವರ ಎದುರು ಕೋಣೆಯ ಹಲ್ಲಿನ ಡಾಕ್ಟರಮ್ಮ ಮಾತ್ರ ಶಾಲೆಯ ಹುಡುಗಿಯ ಹಾಗೆ ಕೇಳಿದರು: "ಒಂದು ಜೊತೆ ಸಾಕಾ? ಇರ್ಲಿ ಅಂತ ಇನ್ನೊಂದು ಇಟ್ಕೊಂಡ್ರೆ?"

"ಒಂದೇ ಜೊತೆ! ಹೆಚ್ಚಿಗೆ ಕರವಸ್ತ್ರಾನೂ ಬೇಡ. ಇಳಿಯೋ ದಿನ ಕೈ ಬೀಸ್ಕೊಂಡು ಇಳೀಬೇಕು. ಆದ್ರೆ ಆ ಒಂದು ಜೊತೆ ಮರೆತಿರೋ, ನೈಟೀಲಿ ಮೆರವಣಿಗೆ! ನನ್ನ ಕೈಲಿ ಟಿಕೆಟ್ ತಗೊಂಡ ಒಬ್ಬ ಜಡ್ಜ್ ಸಾಹೇಬ್ರು ಚಡ್ಡೀಲಿ ಇಳಿದಿದ್ರು, ಗೊತ್ತಾ?"

ಹಡಗಪ್ಪ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಪ್ರವಾಸದ ಕಚೇರಿಯೊಂದರ ಕಿಟಕಿಯ ಹಿಂದೆ ಕೂತು, ಸಮುದ್ರಯಾನಕ್ಕೆ ಹೊರಟ ದೊಡ್ಡ ಮನುಷ್ಯರಿಗೆಲ್ಲ ಬುದ್ಧಿ ಹೇಳುವುದೇ ಅವರ ಜೀವಮಾನದ ಕೆಲಸವಾಗಿತ್ತು. ಮಾತ್ರೆ ಕೈಚೀಲದಲ್ಲಿರಲಿ, ದೊಡ್ಡ ಪೆಟ್ಟಿಗೆ ಕೋಣೆಗೆ ಬರುವಷ್ಟರಲ್ಲಿ ಸಂಜೆಯಾಗುತ್ತೆ. ಹೊಟ್ಟೆ ತೊಳಸಿದರೆ ಹಡಗಿನ ಮೇಲಿನ ಅಂಗಳಕ್ಕೆ ಬಂದು ನೀರು ಆಕಾಶ ಕೂಡುವ ಗೆರೆ ನೋಡಿ. ಬಂದರಿನಲ್ಲಿ ಇಳಿದು ಅಲೆಯುತ್ತ ಹೊತ್ತು ಕಳೀಬೇಡಿ, ಹಡಗು ಯಾರಪ್ಪನಿಗೂ ಕಾಯೋದಿಲ್ಲ. ಕೋಣೆಗಳ ಓಣಿಯಲ್ಲಿ ಬಾಗಿಲುಗಳೆಲ್ಲ ಒಂದೇ ತರ, ನಿಮ್ಮ ಬಾಗಿಲಿಗೆ ಏನಾದರೂ ಗುರುತು ತೂಗುಹಾಕಿ. ಹಡಗಿನಲ್ಲಿ ವಾರ ಗೊತ್ತಾಗೋದಿಲ್ಲ, ಮರೆತರೆ ಲಿಫ್ಟಿನ ನೆಲ ನೋಡಿ. ವಾರದ ಹೆಸರು ನೇಯ್ದ ಚಿಕ್ಕ ಹಾಸು ಇರುತ್ತೆ, ದಿನಾ ಬೆಳಿಗ್ಗೆ ಬದಲಾಯಿಸ್ತಾರೆ. ಇಷ್ಟೆಲ್ಲ ಹೇಳುತ್ತಿದ್ದ ಮನುಷ್ಯ ಸ್ವತಃ ಕೆರೆಯ ದೋಣಿಯನ್ನೂ ಹತ್ತಿದವರಲ್ಲ. ಮದುವೆಯಾಗದವನು ಸಂಸಾರದ ಗುಟ್ಟು ಹೇಳಿದ ಹಾಗೆ ಎಂದು ಕಚೇರಿಯವರು ಆಡಿಕೊಂಡರೂ, ಹೋಗಿ ಬಂದವರು ತಪ್ಪದೆ ಕೃತಜ್ಞತೆ ಹೇಳಿ ಹೋಗುತ್ತಿದ್ದರು.

ಹೆಂಡತಿಯದು ಮಾತ್ರ ಬೇರೆಯೇ ತೀರ್ಪು. "ಮನೆಗೆ ಮಾರಿ, ಊರಿಗೆ ಉಪಕಾರಿ," ಎನ್ನುತ್ತಿದ್ದರು ಆಕೆ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ. ಮನೆಯ ಮುಂಕೋಣೆಯಲ್ಲಿ ಬೀದಿಯವರಿಗೆಲ್ಲ ಬಟ್ಟೆ ಹೊಲಿದುಕೊಟ್ಟವರು. ಹಳದಿ ಅಳತೆ ಟೇಪು ಕೊರಳಲ್ಲಿ ಇಲ್ಲದ ಆಕೆಯನ್ನು ಯಾರೂ ನೋಡಿದ್ದಿಲ್ಲ. ಆ ಟೇಪು ಕೊರಳಲ್ಲಿರುವಾಗಲೇ ಒಂದು ದಿನ ಪಕ್ಕದ ಬೀದಿಯ ಯಾರದೋ ಮನೆಯ ಕದ ತಟ್ಟುತ್ತ, "ರೀ, ಬಾಗಿಲು ತೆಗೀರಿ, ಎಷ್ಟು ಹೊತ್ತು ನಿಲ್ಲಿಸ್ತೀರಿ?" ಎಂದು ಗದರುತ್ತ ನಿಂತಿದ್ದರು. ಅಲ್ಲಿಂದ ಶುರು. ಒಲೆ ಹಚ್ಚಿ ಮರೆತರು, ಅಕ್ಕಪಕ್ಕದವರ ಹೆಸರು ಮರೆತರು, ಒಂದು ಬೆಳಿಗ್ಗೆ ಸೂಜಿಗೆ ದಾರ ಪೋಣಿಸುವುದು ಹೇಗೆಂದು ಮರೆತು ಅತ್ತುಬಿಟ್ಟರು.

ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಯ ಕೆಲಸ. ಕೆಲಸ ಮುಗಿಸಿ ಓಡಿ ಬಂದು ತಾಯಿಗೆ ಸ್ನಾನ ಮಾಡಿಸಿ, ಉಣ್ಣಿಸಿ, ತನ್ನ ಮನೆಗೆ ಓಡುತ್ತಿದ್ದಳು. ಅವಳೂ ಹಣ್ಣಾಗಿದ್ದಳು, ಸುಳ್ಳಲ್ಲ. ಬಂದ ಕೂಡಲೇ ಡಾಕ್ಟರು ಕಲಿಸಿದ ಪ್ರಶ್ನೆ ಕೇಳುತ್ತಿದ್ದಳು. ಮಗುವನ್ನು ಮಾತಾಡಿಸುವ ಹಾಗೆ, ಮೆತ್ತಗೆ, ಒಂದೊಂದೇ ಮಾತು ಬಿಡಿಸಿ: "ಅಮ್ಮಾ, ಇವತ್ತು ಯಾವ ವಾರ, ಹೇಳು ನೋಡೋಣ?" ಆ ದನಿ ಕೇಳಿದರೆ ಹಡಗಪ್ಪನವರಿಗೆ ಮೈ ಉರಿಯುತ್ತಿತ್ತು. ಬೈದಿದ್ದರೂ ಸಹಿಸುತ್ತಿದ್ದರೇನೋ.

"ಅಪ್ಪಾ, ನನ್ನ ಕೈಲಿ ಇನ್ನು ಆಗಲ್ಲ," ಎಂದು ಮಗಳು ಹೇಳಿಯೇಬಿಟ್ಟಳು. "ಆರೈಕೆ ಮನೆಯಲ್ಲಿ ಮಾತಾಡಿದ್ದೀನಿ. ಚೆನ್ನಾಗಿ ನೋಡ್ಕೋತಾರೆ. ಇಬ್ಬರು ಇರೋ ಕೋಣೆಗಳೂ ಇವೆ, ನೀನೂ ಬೇಕಾದ್ರೆ..."

"ನನಗೇನು ಬಂದಿದೆ ಧಾಡಿ?" ಎಂದು ಕೂಗಿದ್ದರು ಹಡಗಪ್ಪನವರು. "ಅವಳನ್ನ ನಾನು ನೋಡ್ಕೋತೀನಿ. ಅವಳು ಸರಿ ಹೋಗ್ತಾಳೆ."

ನಿವೃತ್ತಿಯ ದಿನ ಕಚೇರಿಯವರು ಕೊಟ್ಟ ಇಬ್ಬರ ಸಮುದ್ರಯಾನದ ಟಿಕೆಟು ಬೀರುವಿನಲ್ಲಿ ಹಾಗೇ ಬಿದ್ದಿತ್ತು. ಅದನ್ನು ಹಿಡಿದು ಹಟಕ್ಕೆ ಬಿದ್ದರು. ಸಮುದ್ರದ ಗಾಳಿ, ಹೊಸ ಜಾಗ, ಚಿಂತೆಯಿಲ್ಲದ ಊಟ, ಇವೆಲ್ಲ ಸೇರಿ ಅವಳನ್ನು ತಿರುಗಿ ತಂದುಕೊಡುತ್ತವೆ ಅಂತ ಅವರ ನಂಬಿಕೆ. ಕೊನೆಗೆ ಮಗಳು ಸೋತಳು. "ಆಯ್ತು, ಹೋಗಿ ಬನ್ನಿ. ಇಳಿಯೋ ದಿನ ಕಾರು ತಗೊಂಡು ನಾನೇ ಬಂದರಿಗೆ ಬರ್ತೀನಿ. ಅಮ್ಮನ್ನ ಕಣ್ಣಾರೆ ನೋಡ್ತೀನಿ. ಸರಿ ಇದ್ರೆ ಮನೆಗೆ. ಇಲ್ದಿದ್ರೆ ಅಲ್ಲಿಂದ ಸೀದಾ ಆರೈಕೆ ಮನೆಗೆ. ಅಲ್ಲಿ ಅವತ್ತಿನವರೆಗೂ ಜಾಗ ಹಿಡಿದಿಟ್ಟಿರ್ತಾರೆ. ಆಮೇಲೆ ನೀನು ಒಂದು ಮಾತೂ ಆಡಕೂಡದು."

"ಒಪ್ಪಿದೆ," ಎಂದಿದ್ದರು.

ಹಡಗು ಹತ್ತಿದ ದಿನವೇ ಹೆಂಡತಿಯ ಕೊರಳಿಂದ ಟೇಪು ತೆಗೆದು ಬಾಗಿಲ ಹಿಡಿಗೆ ಕಟ್ಟಿದರು. "ನೋಡೇ, ಟೇಪು ಇರೋದು ನಮ್ಮ ಬಾಗಿಲು." ಆಕೆ ತಲೆಯಾಡಿಸಿದರು. ಆಮೇಲೂ ದಿನಾ ಆ ಬಾಗಿಲನ್ನು ದಾಟಿ ಓಣಿಯ ತುದಿಯ ತನಕ ಹೋಗಿ ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಹಡಗಪ್ಪನವರು ದಿನಾ ಕೈ ಹಿಡಿದು ವಾಪಸ್ಸು ಕರೆತರುತ್ತಿದ್ದರು. ಊಟದ ಹೊತ್ತಿಗೆ ಮಾತ್ರ ಆಕೆ ಹಳೆಯ ದರ್ಜಿಯೇ. "ನಿಮ್ಮ ಎಡ ಭುಜ ಇಳಿದಿದೆ ಕಣಮ್ಮಾ, ಕೋಟಿಗೆ ಒಳಗಡೆ ಒಂದು ಪಟ್ಟಿ ಕೊಡಬೇಕು," ಎಂದು ಡಾಕ್ಟರಮ್ಮನಿಗೆ ಹೇಳಿ, ಅವರು ಕನ್ನಡಿ ಮುಂದೆ ನಿಂತು ಹೌದೆಂದು ಒಪ್ಪುವಂತೆ ಮಾಡಿದ್ದರು.

ಪೆಟ್ಟಿಗೆಯ ಮಾತು ನಡೆದ ಆ ಕೊನೆಯ ಸಂಜೆ, ಊಟ ಮುಗಿಯುತ್ತಲೇ ಆಕೆ ಎದ್ದರು. "ನಾನು ಕೋಣೆಗೆ ಹೋಗ್ತೀನಿ ರೀ. ನೀವು ನಿಮ್ಮ ಪುರಾಣ ಮುಗಿಸಿ ಬನ್ನಿ." ಹಡಗಪ್ಪನವರು ತಡೆಯಲಿಲ್ಲ. ಹತ್ತು ಹೆಜ್ಜೆ ಬಿಟ್ಟು, ಕಳ್ಳನ ಹಾಗೆ ಹಿಂಬಾಲಿಸಿದರು. ಓಣಿಯ ಉದ್ದಕ್ಕೂ ಅವರ ಸಲಹೆ ಕೇಳಿದವರೆಲ್ಲ ಬಾಗಿಲಿಗೆ ಏನೇನೋ ತೂಗುಹಾಕಿದ್ದರು: ಕಾಗದದ ಹೂವು, ಮೊಮ್ಮಗಳು ಬರೆದ ಚಿತ್ರ, ಹುಲ್ಲಿನ ಟೊಪ್ಪಿಗೆ. ಆಕೆ ಒಂದೊಂದನ್ನೂ ನೋಡುತ್ತ ನಡೆದರು. ಟೇಪಿದ್ದ ಬಾಗಿಲ ಮುಂದೆ ನಿಂತರು. ಅದನ್ನು ಬೆರಳಲ್ಲಿ ಹಿಡಿದು, ತುದಿಯ ಸವೆದ ಲೋಹವನ್ನು ಉಗುರಿನಿಂದ ಉಜ್ಜಿ ನೋಡಿ, ಗಂಟು ಬಿಚ್ಚಿ ಕೊರಳಿಗೆ ಹಾಕಿಕೊಂಡರು. ಕೋಣೆಯ ಕಾರ್ಡನ್ನು ಬೀಗಕ್ಕೆ ತಾಗಿಸಿ ಒಳಗೆ ಹೋದರು.

ಹಡಗಪ್ಪನವರು ಓಣಿಯ ತಿರುವಿನಲ್ಲಿ ಗೋಡೆಗೆ ಒರಗಿ ಗಳಗಳನೆ ಅತ್ತರು. ಗೆದ್ದೆ ಕಣೋ, ಎಂದು ತಮಗೆ ತಾವೇ ಹೇಳಿಕೊಂಡರು. ಇನ್ನೇನು ಬೇಕು?

ಇಬ್ಬರೂ ರಾತ್ರಿಯ ಬಟ್ಟೆ ಹಾಕಿಕೊಂಡ ಮೇಲೆ, ಕಳಚಿದ್ದನ್ನೂ ಸೇರಿಸಿ ಪೆಟ್ಟಿಗೆ ಕಟ್ಟಲು ಕೂತಾಗ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ನಾಳೆಗೆಂದು ತಮ್ಮ ಅಂಗಿ, ಪ್ಯಾಂಟು ಕುರ್ಚಿಗೆ ಹಾಕಿದರು. ಹೆಂಡತಿ ಬುದ್ಧಿ ನೆಟ್ಟಗಿದ್ದ ಕಾಲದಲ್ಲಿ ತಾನೇ ಹೊಲಿದುಕೊಂಡ ನೀಲಿ ಉಡುಪನ್ನು ಕೈಯಲ್ಲಿ ಹಿಡಿದರು. ಮಗಳು ನೋಡಬೇಕಾದದ್ದು ಇದರಲ್ಲೇ. ಕುರ್ಚಿಗೆ ಹಾಕಿದರೆ ಸುಕ್ಕಾದೀತೆಂದು ತೋಳುಗಳನ್ನು ಒಳಮಡಿಸಿ, ತೆರೆದ ಪೆಟ್ಟಿಗೆಯಲ್ಲಿ ಎಲ್ಲದರ ಮೇಲೆ ಹಾಸಿದರು. ಮುಚ್ಚುವ ಮುಂಚೆ ತೆಗೆದರಾಯಿತು. ಅಷ್ಟರಲ್ಲಿ ಡಾಕ್ಟರಮ್ಮ ಬಾಗಿಲು ಬಡಿದರು. ಅವರ ಪೆಟ್ಟಿಗೆ ಮುಚ್ಚುತ್ತಿಲ್ಲವಂತೆ. ಹೋಗಿ ಅದರ ಮೇಲೆ ಕೂತು ಮುಚ್ಚಿಸಿಕೊಟ್ಟರು. ಪಕ್ಕದ ಕೋಣೆಯವರದು ಬೀಗ ಕಚ್ಚಿಕೊಂಡಿತ್ತು, ಅದನ್ನೂ ಬಿಡಿಸಿಕೊಟ್ಟರು. "ನಾಳೆ ಬಟ್ಟೆ ತೆಗೆದಿಟ್ಟಿರಾ?" ಎಂದು ಆಚೆಯವರ ಬಾಗಿಲಲ್ಲೂ ಇಣುಕಿದರು. ಮರಳುವಾಗ ಸಾಮಾನಿನ ಗಾಡಿ ಓಣಿಯ ತಿರುವಿಗೆ ಬಂದೇಬಿಟ್ಟಿತ್ತು. "ಅಯ್ಯೋ, ಊರಿಗೆಲ್ಲ ಹೇಳಿ ನಮ್ಮದೇ ಒಳಗಿದೆಯಲ್ಲ!" ಎಂದು ನಗುತ್ತ ಓಡಿ, ಪೆಟ್ಟಿಗೆಯ ಜಿಪ್ಪೆಳೆದು ಬಾಗಿಲಾಚೆ ದೂಡಿದರು.

ಬೆಳಿಗ್ಗೆ ಮುಖ ಒರೆಸಿಕೊಳ್ಳುತ್ತ ಕುರ್ಚಿ ನೋಡಿದರು. ಅಂಗಿ. ಪ್ಯಾಂಟು. ಕಪಾಟಿನ ಬಾಗಿಲು ತೆರೆದರೆ ಬರಿ ಹ್ಯಾಂಗರುಗಳು ಒಂದಕ್ಕೊಂದು ತಾಗಿ ಟಕಟಕ ಎಂದವು. ಮಂಚದ ಅಂಚಿನಲ್ಲಿ ಹೆಂಡತಿ ಹೂವಿನ ನೈಟಿಯಲ್ಲಿ, ಕೊರಳಲ್ಲಿ ಟೇಪು ಹಾಕಿಕೊಂಡು, ಇನ್ನೇನು ಹೊರಡುವುದೆಂಬಂತೆ ಕೂತಿದ್ದರು.

ನೀಲಿ ಉಡುಪು ಪೆಟ್ಟಿಗೆಯೊಳಗೇ ಹೋಗಿತ್ತು. ಹಡಗಪ್ಪನವರು ಪೈಜಾಮದಲ್ಲೇ ಓಣಿಗೆ ಓಡಿದರು. ಕೋಣೆ ಗುಡಿಸುವ ಹೆಂಗಸು ತಲೆಯಾಡಿಸಿದಳು. "ಪೆಟ್ಟಿಗೆ ಎಲ್ಲಾ ಆಗಲೇ ದಡದ ಶೆಡ್ಡಿಗೆ ಹೋಯ್ತು ಸಾರ್. ಹಡಗಿನ ಬಟ್ಟೆ ಅಂಗಡೀನೂ ಬಂದರಿಗೆ ಬಂದ ಮೇಲೆ ತೆಗೆಯೋ ಹಾಗಿಲ್ಲ. ಪರವಾಗಿಲ್ಲ ಬಿಡಿ, ಪ್ರತಿ ಸಲ ಒಬ್ಬಿಬ್ಬರು ಹೀಗೆ ಇಳೀತಾರೆ." ಎದುರು ಕೋಣೆಯ ಕದ ತಟ್ಟಿದರು. ಡಾಕ್ಟರಮ್ಮ ತೊಟ್ಟ ಬಟ್ಟೆಯಲ್ಲಿ ಕೈ ಚೆಲ್ಲಿ ನಿಂತರು. "ಅಯ್ಯೋ ದೇವರೇ, ನೀವೇ ಹೇಳಿದ್ರಲ್ಲ, ಕರವಸ್ತ್ರಾನೂ ಬೇಡ ಅಂತ! ನನ್ನ ಹತ್ರ ಇದು ಬಿಟ್ರೆ ಒಂದು ಚೂರೂ ಇಲ್ಲ." ಆಚೆ ಬಾಗಿಲಿನವರೂ ಅದನ್ನೇ ಹೇಳಿದರು. ಇಡೀ ಓಣಿ ಅವರ ಮಾತನ್ನು ಅಕ್ಷರ ತಪ್ಪದೆ ಪಾಲಿಸಿತ್ತು.

ನೈಟಿಯಲ್ಲಿ ಇಳಿದರೆ ಮುಗಿಯಿತು. ಮಗಳು ಕಣ್ಣಾರೆ ನೋಡುತ್ತಾಳೆ, ಒಂದು ಮಾತೂ ಕೇಳುವುದಿಲ್ಲ. ಹಡಗಪ್ಪನವರು ಕುರ್ಚಿಯ ಮುಂದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಅಂಗಿ ಪ್ಯಾಂಟು ತೆಗೆದು ಹೆಂಡತಿಯ ತೊಡೆಯ ಮೇಲಿಟ್ಟರು.

"ಹಾಕ್ಕೋ."

"ಇದು ಗಂಡಸರದಲ್ವಾ ರೀ?"

"ನಿನ್ನ ಕೈಚಳಕ ಇದ್ರೆ ಯಾರದ್ದಾದ್ರೇನು? ಹಾಕ್ಕೊಂಡು ಸರಿ ಮಾಡ್ಕೋ ನೋಡೋಣ."

ಆಕೆಯ ಕೈ ಮರೆತಿರಲಿಲ್ಲ. ಪ್ಯಾಂಟಿನ ಕಾಲನ್ನು ಒಳಗೆ ಮಡಿಸಿ, ಅಂಗಿಯ ಭುಜದಲ್ಲಿ ನೆರಿಗೆ ಹಿಡಿದು, ಸೊಂಟಕ್ಕೆ ಟೇಪನ್ನೇ ಸುತ್ತಿ ಗಂಟು ಹಾಕಿದರು. ಕನ್ನಡಿ ಮುಂದೆ ನಿಂತಾಗ ನಿಜಕ್ಕೂ ಒಪ್ಪುವಂತಿತ್ತು. ಹಡಗಪ್ಪನವರಿಗೆ ಉಳಿದದ್ದು ಬನಿಯನ್ನು, ಪಟ್ಟೆಪಟ್ಟೆ ಪೈಜಾಮ, ಕಾಲಿಗೆ ಕಪ್ಪು ಬೂಟು. ಇರಲಿ, ನಕ್ಕರೆ ನನ್ನನ್ನು ನೋಡಿ ನಗಲಿ ಅಂದುಕೊಂಡರು. ಲಿಫ್ಟಿನಲ್ಲಿ ಜನ ಕಿಕ್ಕಿರಿದಿದ್ದರು, ಕೆಲವರು ಕಿಸಕ್ಕೆಂದರು. ಹೆಂಡತಿಯ ಕೈ ಹಿಡಿದು ಮೆಟ್ಟಿಲಿಳಿದೇ ಹೋದರು.

ಶೆಡ್ಡಿನ ಕಂಬಿಗಳಾಚೆ ಮಗಳು ನಿಂತಿದ್ದಳು. ಹಡಗಪ್ಪನವರು ದೂರದಿಂದಲೇ ಕೈಯೆತ್ತಿದರು. "ನೋಡೇ, ಅಮ್ಮನ್ನ ನೋಡು! ನಿನ್ನೆ ಅವಳೇ ಬಾಗಿಲು ಕಂಡುಹಿಡಿದಳು, ಒಬ್ಬಳೇ! ಯಾರೂ ತೋರಿಸಲಿಲ್ಲ!"

ಮಗಳು ಹತ್ತಿರ ಬಂದಳು. ತಾಯಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮುಖದಲ್ಲಿ ಒಳ್ಳೆಯ ನಗುವಿತ್ತು.

"ಏನಮ್ಮಾ, ತೋಳಿನ ಹೊಲಿಗೆ ಬಿಟ್ಟಿದೆಯಲ್ಲ ನಿಂದು," ಎಂದರು. "ಸಂಜೆ ತಂದುಕೊಡು, ಹಾಕಿಕೊಡ್ತೀನಿ. ನಿಮ್ಮ ಮನೆ ಎಲ್ಲಿ?"

ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ಹಡಗಪ್ಪನವರು ನಡುವೆ ಬಂದರು.

"ಈಗ ತಾನೇ ಎದ್ದಿದ್ದಾಳೆ, ಅದಕ್ಕೆ. ಟೇಪು ಬಾಗಿಲಿಗಿತ್ತು ನೋಡು, ಈಗ ಸೊಂಟದಲ್ಲಿದೆ. ನೀಲಿ ಬಟ್ಟೆ ಮೇಲುಗಡೆನೇ ಇಟ್ಟಿದ್ದೆ, ಡಾಕ್ಟರಮ್ಮನ ಪೆಟ್ಟಿಗೆ ಮೇಲೆ ಕೂತ್ಕೊಂಡೆ, ಅಷ್ಟರಲ್ಲಿ ಗಾಡಿ ಬಂತು. ಅದಕ್ಕೇ ನನ್ನದು ಅವಳಿಗೆ ಹಾಕಿದ್ದು. ತಪ್ಪು ನಂದು ಕಣೇ, ಅವಳದಲ್ಲ. ಅವಳು ಸರಿ ಇದ್ದಾಳೆ." ಹೇಳುತ್ತ ಹೋದ ಹಾಗೆ ಮಾತು ಗೋಜಲಾಗುತ್ತಿರುವುದು ಅವರಿಗೇ ಕೇಳಿಸುತ್ತಿತ್ತು. ನಿಲ್ಲಿಸಲು ಆಗಲಿಲ್ಲ.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದು ಹೆಂಡತಿ ಯಾರಿಗೋ ಹೇಳಿದಂತೆ ಹೇಳಿ ನಕ್ಕರು.

ಮಗಳು ಈಗ ತಾಯಿಯನ್ನು ನೋಡುತ್ತಿರಲಿಲ್ಲ. ತಂದೆಯ ಬನಿಯನ್ನು ನೋಡಿದಳು, ಪಟ್ಟೆ ಪೈಜಾಮ ನೋಡಿದಳು, ಅದರ ಕೆಳಗಿನ ಕಪ್ಪು ಬೂಟು ನೋಡಿದಳು. ಅವಳ ಕಣ್ಣು ತುಂಬಿತು. ತಾನು ಹೊದ್ದಿದ್ದ ಶಾಲು ತೆಗೆದು ಅವರ ಹೆಗಲಿಗೆ ಹೊದಿಸಿ, ಕೈಯನ್ನು ಅಲ್ಲೇ ಇಟ್ಟುಕೊಂಡು ಮೆತ್ತಗೆ, ಒಂದೊಂದೇ ಮಾತು ಬಿಡಿಸಿ ಕೇಳಿದಳು:

"ಅಪ್ಪಾ, ಇವತ್ತು ಯಾವ ವಾರ, ಹೇಳು ನೋಡೋಣ?"

ಹಡಗಪ್ಪನವರು ಬಾಯಿ ತೆರೆದರು. ದಿನಾ ಲಿಫ್ಟಿನ ಹಾಸು ನೋಡಿದ ಅಭ್ಯಾಸಬಲದಿಂದ ಕಣ್ಣು ಕಾಲಬುಡಕ್ಕೆ ಹೋಯಿತು. ಅಲ್ಲಿ ಸಿಮೆಂಟಿನ ನೆಲವಿತ್ತು, ಅದರ ಮೇಲೆ ಪೆಟ್ಟಿಗೆಗಳನ್ನು ಎಳೆದ ಚಕ್ರದ ಗೆರೆಗಳಿದ್ದವು.