ಮಣ್ಣು ಮುಟ್ಟದ ಕೈ

“ಏ ಚಿನಾಶಾ ಮುಂಡೆ, ಹೊಸ್ಲು ದಾಟ್‌ಬ್ಯಾಡ. ಅಲ್ಲೇ ನಿಂತು ಬೊಗಳು.”

ದಾಲ್ಗೆ ಕಚೇರಿಯ ಹೊರಗೇ ನಿಂತಳು. ವೊಲೈತಾ ಸೀಮೆಯವರೆಲ್ಲ ಬೇಯಿಸಿ ಉಣ್ಣುವುದು ಕುಂಬಾರ ಕುಲದ ಈ ಚಿನಾಶಾ ಹೆಂಗಸರು ಮಾಡಿದ ಮಡಕೆಯಲ್ಲೇ. ಮಡಕೆ ಒಳಗೆ ಹೋಗಬಹುದು, ಮಾಡಿದವಳು ಹೋಗುವಂತಿಲ್ಲ.

“ಅಯ್ಯಾ, ನನ್ ಮಗಳು ಬೊಗಾಲೆಚ್ ಬಟ್ಟೆ ಕಾರ್ಖಾನೆ ಪರೀಕ್ಷೆ ಪಾಸಾಗವ್ಳೆ. ಮಿಕ್ಕ ಹುಡ್ಗೀರ್ನೆಲ್ಲ ಕರ್ಕೊಂಡೋಗಿ ಇವಳ್ನ ಮಾತ್ರ ಬಸ್ಸಿಂದ ಇಳಿಸವ್ರೆ.”

ತರಬೇತಿ ಅಧಿಕಾರಿ ಉಕುಮೊ ಹಲ್ಲುಕಡ್ಡಿ ಉಗಿದ. “ಇವಳ ಜೊತೆ ಒಂದೇ ರೂಮ್ನಾಗೆ ಮಲಗಾಕಿಲ್ಲ ಅಂತ ರೈತರ ಹುಡ್ಗೀರೆಲ್ಲ ಎದ್ದುಬಿಟ್ರು. ಖಾಲಿ ಬಸ್ಸು ಕಳಿಸ್ಲಾ? ಮೇಲಿನೋರು ನನ್ ಚರ್ಮ ಸುಲೀತಾರೆ.”

“ಅವಳ ಬೆರಳು ಎಷ್ಟು ಚುರುಕು ಅಂತ ನೀವೇ...”

“ಸರ್ಕಾರ ನಿಮ್ಮನ್ನೇನು ಕೈಬಿಟ್ಟಿಲ್ಲ ಕಣೇ. ಯಾವ ಜನಕ್ಕೆ ಯಾವ ಕಸುಬೋ ಅದನ್ನೇ ಬೆಳೆಸಿ ಅಂತ ಆರ್ಡ್ರು ಬಂದೈತೆ. ಮಡಕೆ ತರಬೇತಿ ಕೇಂದ್ರ ತೆರೀತೀವಿ. ಅವಳೇ ಮೊದಲ್ನೇ ವಿದ್ಯಾರ್ಥಿ. ನಿಮ್ ರಕ್ತದಾಗೇ ಐತಲ್ಲ. ಕಳಿಸ್ಲಿಲ್ವೋ, ನಿಮ್ ಮಣ್ಣಿನ ಗುಂಡಿಗೆ ಬೇಲಿ ಹಾಕಿಸ್ತೀನಿ.”

ರಕ್ತದಲ್ಲಿ ಏನೂ ಇರಲಿಲ್ಲ. ಬೊಗಾಲೆಚ್‌ಗೆ ಮಣ್ಣು ಕಲಸಲೂ ಬರದು. ಒಮ್ಮೆ ಅಂಟಿದರೆ ಬಿಡುವುದಿಲ್ಲವೆಂದು ದಾಲ್ಗೆ ಅವಳನ್ನು ಗುಂಡಿಯ ಹತ್ತಿರಕ್ಕೂ ಬಿಟ್ಟಿರಲಿಲ್ಲ. ಗಂಡ ಸತ್ತ ಮೇಲೂ ಒಬ್ಬಳೇ ಅಗೆದಳು, ತುಳಿದಳು, ಸುಟ್ಟಳು, ಸಂತೆಗೆ ಹೊತ್ತಳು.

“ನಿನ್ ಮಗಳೇನು ರಾಜನ ಸೊಸೇನಾ?” ಎಂದು ಕೇರಿಯವರು ನಕ್ಕರೆ, “ನಗ್ರೇ ನಗ್ರಿ, ಹೊಲಿಗೆ ಮಿಷನ್ನು ಓಡ್ಸೋ ಕೈ ಅದು” ಅನ್ನುತ್ತಿದ್ದಳು.

ಕೇಂದ್ರ ತೆರೆಯುವ ದಿನ ಪಟ್ಟಣದಿಂದ ದೊಡ್ಡವರು ಬಂದರು. ಅವರಿಗೆ ಪಿಂಗಾಣಿ ಬಟ್ಟಲಲ್ಲಿ ಕಾಫಿ. ಹಗ್ಗದಾಚೆ ನಿಂತ ಕೇರಿಯವರಿಗೆ ಒಡೆದ ಮಡಕೆಯ ಚೂರಿನಲ್ಲಿ. ಬೊಗಾಲೆಚ್ ಕಾರ್ಖಾನೆಗೆಂದು ಹೊಲಿಸಿದ್ದ ಬಿಳಿ ಅಂಗಿಯಲ್ಲೇ ಬಂದಿದ್ದಳು. ಅವಳನ್ನು ಜಮಖಾನದ ಮೇಲೆ ಕೂರಿಸಿ ಮುಂದೆ ಮಣ್ಣಿನ ಮುದ್ದೆ ಇಟ್ಟರು. ಅವಳು ಎರಡೂ ಕೈ ಅದರೊಳಗೆ ಹೂತಳು. ಆಮೇಲೆ ಹಗ್ಗದತ್ತ ತಿರುಗಿದಳು.

“ಅವ್ವ, ಹೆಂಗವ್ವ ಇದು?”

ಕುರ್ಚಿಗಳಲ್ಲಿ ನಗು ಎದ್ದಿತು.

“ಮಾನ ತೆಗೀಬ್ಯಾಡ್ವೇ, ಮಾಡೇ,” ಉಕುಮೊ ಹಲ್ಲು ಕಚ್ಚಿದ. “ದಾಲ್ಗೆ, ಬಂದು ತೋರ್ಸು ಬಾ.”

ದಾಲ್ಗೆ ಹಗ್ಗ ದಾಟಿದಳು. ಮಂಡಿಯೂರಿ ಮಗಳ ಕೈಗಳನ್ನು ಮಣ್ಣಿನಿಂದ ಎತ್ತಿದಳು. ತಲೆಯ ಮೇಲಿನ ಬಿಳಿ ವಸ್ತ್ರ ಎಳೆದು ಒಂದೊಂದೇ ಬೆರಳು ಒರೆಸತೊಡಗಿದಳು.

“ಏ, ಫೋಟೋ ತೆಗೀಬೇಕು. ಕೈ ಮಣ್ಣಾಗೇ ಇರ್ಲಿ,” ಉಕುಮೊ ಕೂಗಿದ.

“ನಿನ್ ಹೆಂಡ್ತಿ ಕೈ ಇಕ್ಕಿ ತೆಗ್ಸೋ, ಸೂಳೆಮಗನೆ.”

ಉಗುರಿನ ಸಂದಿಯ ಮಣ್ಣು ಹೋಗಲಿಲ್ಲ. ವಸ್ತ್ರದ ತುದಿಗೆ ಎಂಜಲು ಹಚ್ಚಿ ತಿಕ್ಕಿದಳು. ಮತ್ತೆ ತಿಕ್ಕಿದಳು.

“ಸಾಕವ್ವ,” ಬೊಗಾಲೆಚ್ ಅಳುತ್ತಿದ್ದಳು. “ನೋಯ್ತದೆ.”

ದಾಲ್ಗೆ ತಿಕ್ಕುತ್ತಲೇ ಇದ್ದಳು.