ಬೂಟಿನಣ್ಣ ಗೆದ್ದ ವಾದ

ಮೇಷ್ಟ್ರು ಬೂಟಿನಣ್ಣನ ಅಂಗಡಿಗೆ ಬರುತ್ತಿದ್ದುದು ಬೂಟಿಗಲ್ಲ, ವಾದಕ್ಕೆ. ಮೂವತ್ತು ವರ್ಷ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಪಾಠ ಹೇಳಿದ ನಾಲಿಗೆ, ನಿವೃತ್ತಿಯಾಯಿತೆಂದು ಸುಮ್ಮನಿರುತ್ತದೆಯೇ?

"ಬೂಟು ಮೊದಲು ಹುಟ್ಟೋದು ನಿನ್ನ ಮನಸ್ಸಲ್ಲಿ ಕಣಯ್ಯ. ಚರ್ಮ ಹರಿದುಹೋಗುತ್ತೆ, ಆ ಕಲ್ಪನೆ ಹರಿಯಲ್ಲ."

"ಹಾಗಾದ್ರೆ ಆ ಕಲ್ಪನೆ ಹಾಕ್ಕೊಂಡು ಮುಳ್ಳು ತುಳೀರಿ ಮೇಷ್ಟ್ರೇ, ನೋಡೋಣ. ಕೈಗೆ ಸಿಗದೇ ಇರೋದು ಇಲ್ಲವೇ ಇಲ್ಲ."

ಹೀಗೆ ಹನ್ನೊಂದು ವರ್ಷ. ಇಬ್ಬರಿಗೂ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು.

ಹೆಂಡತಿ ತೀರಿಕೊಂಡ ಮೇಲೆ ಬೂಟಿನಣ್ಣನ ದನಿ ಮೆತ್ತಗಾಯಿತು. ಅಂಗಡಿಯ ಹಲಗೆಗಳ ಮೇಲೆ ಗಿರಾಕಿಗಳ ಪಾದದಳತೆಗೆ ಕೆತ್ತಿದ ಮರದ ಅಚ್ಚುಗಳು ಸಾಲಾಗಿದ್ದವು. ವಕೀಲರದು, ಅಂಚೆಯವನದು, ಮಗಳದು ಸಹ. ಹೆಂಡತಿಯದು ಮಾತ್ರ ಇರಲಿಲ್ಲ. "ನಿನ್ನ ಪಾದ ನನಗೆ ಬಾಯಿಪಾಠ, ಅಚ್ಚು ಯಾಕೆ?" ಎಂದು ಜಂಬ ಕೊಚ್ಚಿ, ಯಾವುದೋ ಹಳೆಯ ಅಚ್ಚಿಗೆ ಚರ್ಮದ ಚೂರು ಅಂಟಿಸಿ, ಹೊಲಿಗೆ ಮುಗಿದ ಕೂಡಲೇ ಕಿತ್ತುಹಾಕುತ್ತಿದ್ದ. ಬುದ್ಧಿಗೇಡಿ.

ಮೂರು ವರ್ಷವಾದರೂ ಅವಳಿಗಾಗಿ ಜೀವ ಹಂಬಲಿಸುವುದು ನಿಲ್ಲಲಿಲ್ಲ. ಮೇಷ್ಟ್ರು ಹೇಳುವುದೇ ನಿಜವಾದರೆ, ಅವಳ ಪಾದವಾದರೂ ತನ್ನೊಳಗೆ ಎಲ್ಲೋ ಉಳಿದಿರಬೇಕಲ್ಲ! ಯಾರಿಗೂ ಹೇಳದೆ ಎರಡು ಮರದ ತುಂಡು ತೆಗೆದುಕೊಂಡ. ಕಣ್ಣು ಮುಚ್ಚಿ ನೆನೆದ, ಕೆತ್ತಿದ, ಉಜ್ಜಿದ. ಹದಿನೈದು ದಿನಕ್ಕೆ ಅಚ್ಚಾಯಿತು, ಇನ್ನೊಂದು ವಾರಕ್ಕೆ ಕಂದು ಬಣ್ಣದ ಜೋಡಿ ಸಿದ್ಧವಾಯಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದ. ಸಿಕ್ಕಳು ಅನ್ನಿಸಿತು.

ಮಧ್ಯಾಹ್ನ ಊಟದ ಡಬ್ಬಿ ತಂದ ಮಗಳ ಕಣ್ಣು ಅದರ ಮೇಲೆ ಬಿತ್ತು. ಬೇಡ ಅನ್ನುವಷ್ಟರಲ್ಲಿ ಕಾಲು ತೂರಿಸಿಯಾಗಿತ್ತು.

"ಅಪ್ಪಾ, ಹೇಳಿ ಮಾಡಿಸಿದ ಹಾಗಿದೆ! ಅಮ್ಮನ ಬೂಟು ಹಾಕ್ಕೊಂಡ್ರೆ ನನ್ನ ಕಾಲು ಅದರೊಳಗೆ ಈಜಾಡ್ತಿತ್ತು. ಇದು ನೋಡು, ಒಂದೆಳೆ ಜಾಗ ಇಲ್ಲ."

ಬೂಟಿನಣ್ಣ ತಿರುಗಿ ಹಲಗೆಯ ಮೇಲಿದ್ದ ಮಗಳ ಅಚ್ಚಿನ ಕಡೆ ನೋಡಿದ. ಈ ಮೂರು ವರ್ಷದಲ್ಲಿ ಮಗಳಿಗೆ ನಾಲ್ಕು ಜೋಡಿ ಹೊಲಿದಿದ್ದ. ಕೈ ಮಗಳ ಪಾದವನ್ನೇ ಕೆತ್ತಿತ್ತು. ಹೆಂಡತಿಯದು ಮನಸ್ಸಿನಿಂದ ಯಾವತ್ತು ಅಳಿಸಿಹೋಯಿತೋ, ಅವನಿಗೆ ಗೊತ್ತೇ ಆಗಿರಲಿಲ್ಲ.

"ನನಗೇ ತಾನೇ?"

"ಹೂಂ ಕಣಮ್ಮ, ನಿನಗೇ."

ಸಂಜೆ ಮೇಷ್ಟ್ರು ಬಂದು ಸ್ಟೂಲು ಎಳೆದುಕೊಂಡು ಕೂತರು. "ಏನಯ್ಯ, ಇವತ್ತು ವಾದ ಇಲ್ವಾ?"

"ಮುಗೀತು ಮೇಷ್ಟ್ರೇ, ನಾನೇ ಗೆದ್ದೆ." ಹೊಸ ಅಚ್ಚನ್ನು ತೆಗೆದು ಮಗಳ ಅಚ್ಚಿನ ಪಕ್ಕಕ್ಕಿಟ್ಟ. "ಇದೊಂದು ಸಲ ಸೋಲಬೇಕು ಅಂತ ಎಷ್ಟು ಆಸೆ ಇತ್ತು ಗೊತ್ತಾ?"